ಅಂಗವೈಕಲ್ಯ ಇರೋರ ಜೊತೆ ಹೆಂಗೆ ಮಾತಾಡೋದು, ಹೆಂಗೆ ಧೈರ್ಯ ತುಂಬೋದು

ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಯಾವ ಊರಿಗೆ ಹೋದ್ರೂ ಒಂದು ಮನೇಲಿ ಕಾಲಿಗೆ ಬಲ ಇಲ್ದೋರು, ಇನ್ನೊಂದು ಮನೇಲಿ ಕಿವಿ ಕೇಳದ ಹುಡುಗಿ, ಮತ್ತೊಂದು ಮನೇಲಿ ಕಲಿಕೆ ನಿಧಾನ ಇರೋ ಮಗು ಇದ್ದೇ ಇರ್ತಾರೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯ ಇರೋರು 13 ಲಕ್ಷಕ್ಕೂ ಜಾಸ್ತಿ, ಅದೂ ಆವಾಗಿನ ಲೆಕ್ಕ. 2016ರಲ್ಲಿ ಹೊಸ ಕಾನೂನು ಬಂತು, ಹಳೇ ಕಾನೂನಿನ 7 ಥರ ಇದ್ದಿದ್ದು 21 ಆಯ್ತು, ಡಿಸ್ಲೆಕ್ಸಿಯಾ (ಓದು ಬರಹ ಕಲಿಯೋಕೆ ತೊಡಕು), ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ಆಟಿಸಂ, ಪಾರ್ಕಿನ್ಸನ್, ಆಸಿಡ್ ದಾಳಿಗೆ ಒಳಗಾದೋರು ಎಲ್ಲ ಸೇರ್ಕೊಂಡ್ರು. ಅಂದ್ರೆ ನೀವು ದಿನಾ ಮಾತಾಡ್ಸೋರಲ್ಲೇ ಒಬ್ಬಿಬ್ರು ಇರ್ತಾರೆ, ನೋಡಿದ್ರೆ ಗೊತ್ತಾಗಲ್ಲ ಅಷ್ಟೆ.

ನನ್ನ ಎಡಗಾಲಿಗೆ ಪೋಲಿಯೋ. ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಹಾಕ್ಕೊಂಡೇ ಓದಿದ್ದು, ಹಾಕ್ಕೊಂಡೇ ಕೆಲಸಕ್ಕೆ ಹೋಗ್ತಿರೋದು. ಇಷ್ಟು ವರ್ಷದಲ್ಲಿ ಅತಿ ಜಾಸ್ತಿ ಕೇಳಿರೋ ಮಾತು ಎರಡು. ಒಂದು "ಪಾಪ", ಇನ್ನೊಂದು "ಏನ್ ಛಲಾನಪ್ಪ ನಿಂದು, ಗ್ರೇಟ್". ಮೊದಲನೇದು ಬಸ್‌ಸ್ಟ್ಯಾಂಡಲ್ಲಿ ಕೇಳುತ್ತೆ, ಎರಡನೇದು ಸ್ಟೇಜ್ ಮೇಲೆ. ಎರಡೂ ಒಳ್ಳೆ ಮನಸ್ಸಿಂದಾನೇ ಬರ್ತವೆ, ಅದರಲ್ಲಿ ನಂಗೆ ಅನುಮಾನ ಇಲ್ಲ, ಆದ್ರೆ ಎರಡೂ ಕಡೆ ಒಂದು ಪ್ರಶ್ನೆ ಯಾರೂ ಕೇಳಲ್ಲ: ನಿಮಗೆ ಏನು ಬೇಕು, ಹೆಂಗೆ ಬೇಕು? ಆ ಪ್ರಶ್ನೆ ಕೇಳೋ ಮನೇಲಿ ಬೆಳೆದ ಮಕ್ಕಳಿಗೂ ಕೇಳದೇ ಇರೋ ಮನೇಲಿ ಬೆಳೆದ ಮಕ್ಕಳಿಗೂ ಇರೋ ವ್ಯತ್ಯಾಸ ನಾನು ಕಣ್ಣಾರೆ ನೋಡಿದೀನಿ, ಅದಕ್ಕೇ ಇದನ್ನ ಬರೀತಿರೋದು. ಮನೆಯೋರು, ಮೇಷ್ಟ್ರು, ಅಂಗಡಿಯೋರು, ಸಂಘ ಸಂಸ್ಥೆ ನಡೆಸೋರು, ಎಲ್ಲರಿಗೂ ಇದರಲ್ಲಿ ಏನಾದ್ರೂ ಸಿಗುತ್ತೆ.

ಮೊದಲು ಹೆಸರು

ಕರೆಯೋದಾದ್ರೆ ಹೆಸರಿಂದ ಕರೀರಿ. ಊರಲ್ಲಿ ಇನ್ನೂ "ಕುಂಟ ಬಸಣ್ಣ", "ಕುರುಡಜ್ಜಿ", "ಆ ಮೂಗನ ಮನೆ ಪಕ್ಕ" ಅಂತ ಗುರುತು ಹೇಳೋದು ನಡೀತಾನೇ ಐತೆ, ಹೇಳೋರಿಗೆ ಅದು ಬೈಗುಳ ಅಂತ ಅನ್ಸೋದೇ ಇಲ್ಲ. ಆದ್ರೆ ಆ ಮನೆ ಮಗು ಸ್ಕೂಲಿಗೆ ಹೋದಾಗ ಅದೇ ಹೆಸರು ಹಿಂದೆ ಬರುತ್ತೆ, ಮದುವೆ ಮಾತುಕತೆಗೂ ಅದೇ ಬರುತ್ತೆ. ದಾರಿ ಹೇಳೋಕೆ ಬೇರೆ ಗುರುತು ಬೇಕಾದಷ್ಟು ಇರ್ತವೆ, ಹಿಟ್ಟಿನ ಗಿರಣಿ ಐತೆ, ಬೇವಿನ ಮರ ಐತೆ.

ಇನ್ನು ಅಂಗವಿಕಲ ಅನ್ನಬೇಕಾ, ವಿಕಲಚೇತನ ಅನ್ನಬೇಕಾ, ವಿಶೇಷಚೇತನ ಅನ್ನಬೇಕಾ, ದಿವ್ಯಾಂಗ ಅನ್ನಬೇಕಾ ಅಂತ ತುಂಬಾ ಜನ ಕೇಳ್ತಾರೆ. ನಮ್ಮ ರಾಜ್ಯದ ಇಲಾಖೆ ವಿಕಲಚೇತನ ಅಂತ ಬರೆಯುತ್ತೆ, ಕೇಂದ್ರದ ಇಲಾಖೆ ದಿವ್ಯಾಂಗಜನ ಅನ್ನುತ್ತೆ, ನಮ್ಮಲ್ಲೇ ಒಬ್ಬೊಬ್ಬರಿಗೆ ಒಂದೊಂದು ಇಷ್ಟ. ಅರ್ಜೀಲಿ ಇಲಾಖೆ ಪದ ಬರೀರಿ, ಮಾತಾಡುವಾಗ ಅವರನ್ನೇ ಕೇಳಿ, ಅಷ್ಟೇ ಸಾಕು, ಇದರ ಮೇಲೆ ಗಂಟೆಗಟ್ಟಲೆ ಚರ್ಚೆ ಬೇಡ. ಎರಡು ವಿಷಯ ಮಾತ್ರ ಗಟ್ಟಿಯಾಗಿ ಹಿಡ್ಕೊಳ್ಳಿ. ಒಂದು, ಕಿವಿ ಕೇಳದವರನ್ನ ಮೂಗ, ಮೂಗಿ ಅನ್ನಲೇಬೇಡಿ, ಅವರಿಗೆ ಅವರದ್ದೇ ಭಾಷೆ ಐತೆ. ಎರಡು, ಬೇರೆಯವರನ್ನ ಬೈಯೋಕೆ ನಮ್ಮ ದೇಹ ಬಳಸಬೇಡಿ. ಟ್ರಾಫಿಕ್‌ನಲ್ಲಿ "ಕುರುಡಾ, ಕಣ್ ಕಾಣಲ್ವಾ" ಅಂತ ಕೂಗೋದು, ಫ್ರೆಂಡ್ಸ್ ಮಧ್ಯೆ "ಹುಚ್ಚ" "ಪೆದ್ದ" ಅನ್ನೋದು, "ಕುಂಟನಿಗೆ ಎಂಟು ಚೇಷ್ಟೆ" ಅಂತ ಗಾದೆ ಬಿಡೋದು, ಪಕ್ಕದಲ್ಲಿ ಕೂತಿರೋ ಹುಡುಗ ಎಲ್ಲಾ ಕೇಳಿಸ್ಕೊಂತಿರ್ತಾನೆ.

ಕಾನೂನೂ ತಿಳ್ಕೊಂಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆಕ್ಷನ್ 92ರ ಪ್ರಕಾರ ಸಾರ್ವಜನಿಕವಾಗಿ ಬೇಕಂತಲೇ ಅವಮಾನ ಮಾಡಿದ್ರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾ ಕೇಸಲ್ಲಿ ತೀರ್ಪು ಕೊಡುವಾಗ, ಅಂಗವೈಕಲ್ಯ ಇರೋರನ್ನ ತೆರೆ ಮೇಲೆ ಹೀನಾಯವಾಗಿ ತೋರ್ಸೋದು, ಅಂಥ ಪದ ಬಳಸೋದು ಜನರ ಮನಸ್ಸಲ್ಲಿ ಅವರ ಬೆಲೆ ಇಳಿಸುತ್ತೆ ಅಂತ ಸ್ಪಷ್ಟವಾಗಿ ಹೇಳಿ ಮಾರ್ಗಸೂಚಿ ಕೊಟ್ಟೈತೆ.

ಪಕ್ಕದಲ್ಲಿರೋರನ್ನ ಕೇಳಬೇಡಿ

ಬೆಣ್ಣೆ ದೋಸೆ ಹೋಟ್ಲಿಗೆ ವೀಲ್‌ಚೇರಲ್ಲಿ ಒಬ್ಬರು ತಮ್ಮನ ಜೊತೆ ಹೋಗ್ತಾರೆ ಅಂತ ಇಟ್ಕೊಳ್ಳಿ. ಸಪ್ಲೈಯರ್ ತಮ್ಮನ್ನ ಕೇಳ್ತಾನೆ, "ಇವರಿಗೆ ಏನ್ ಬೇಕಂತೆ?" ಆಸ್ಪತ್ರೇಲಿ ಡಾಕ್ಟ್ರು ಅಮ್ಮನ್ನ ಕೇಳ್ತಾರೆ "ಎಲ್ಲಿ ನೋಯುತ್ತಂತೆ", ಬ್ಯಾಂಕಲ್ಲಿ ಕ್ಲರ್ಕು ಜೊತೇಲಿ ಬಂದೋರಿಗೆ "ಇವ್ರು ಸೈನ್ ಮಾಡ್ತಾರಾ". ನೋವಿರೋದು, ದುಡ್ಡಿರೋದು, ಹಸಿವಿರೋದು ಕೂತಿರೋ ಆ ಮನುಷ್ಯಂಗೆ. ಅವರ ಮುಖ ನೋಡಿ ಅವರನ್ನೇ ಕೇಳಿ. ಉತ್ತರ ಬರೋಕೆ ಟೈಮ್ ಆಗಬಹುದು, ಸೆರೆಬ್ರಲ್ ಪಾಲ್ಸಿ ಇರೋರಿಗೆ, ತೊದಲೋರಿಗೆ ಒಂದು ವಾಕ್ಯ ಮುಗಿಸೋಕೆ ನಿಮಗಿಂತ ಜಾಸ್ತಿ ಹೊತ್ತು ಬೇಕು, ಮಧ್ಯದಲ್ಲಿ ಬಾಯಿ ಹಾಕಿ ನೀವೇ ವಾಕ್ಯ ಮುಗಿಸಬೇಡಿ. ಅರ್ಥ ಆಗ್ಲಿಲ್ವಾ, "ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳ್ತೀರಾ" ಅಂತ ಕೇಳಿ, ಅರ್ಥ ಆದಂಗೆ ತಲೆ ಆಡಿಸೋದಕ್ಕಿಂತ ಅದು ಎಷ್ಟೋ ಮೇಲು.

ಸಹಾಯ ಮಾಡೋ ರೀತಿನೂ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ಪೆಟ್ಟು ಆಗೋದೂ ಇರುತ್ತೆ. ಕಣ್ಣು ಕಾಣದವರನ್ನ ರಸ್ತೆ ದಾಟಿಸುವಾಗ ತೋಳು ಹಿಡಿದು ಎಳೀಬೇಡಿ, "ಪಿ.ಬಿ. ರೋಡ್ ದಾಟಬೇಕಾ, ಜೊತೆಗೆ ಬರ್ಲಾ?" ಅಂತ ಕೇಳಿ ನಿಮ್ಮ ಮೊಣಕೈ ಕೊಡಿ, ಅವರೇ ಹಿಡ್ಕೊಂಡು ಅರ್ಧ ಹೆಜ್ಜೆ ಹಿಂದೆ ಬರ್ತಾರೆ. "ಅಲ್ಲಿ", "ಆ ಕಡೆ" ಅನ್ನೋ ಮಾತಿಂದ ಅವರಿಗೆ ಉಪಯೋಗ ಇಲ್ಲ, "ನಿಮ್ಮ ಬಲಕ್ಕೆ ಎರಡು ಹೆಜ್ಜೆ, ಆಮೇಲೆ ಒಂದು ಮೆಟ್ಟಿಲು ಇಳೀಬೇಕು" ಅಂತ ಹೇಳಿ. ಹೊರಡುವಾಗ "ನಾನು ಹೋಗ್ತೀನಿ" ಅನ್ನಿ, ಇಲ್ದಿದ್ರೆ ಅವರು ಖಾಲಿ ಜಾಗದ ಜೊತೆ ಮಾತಾಡ್ತಾ ಇರ್ತಾರೆ. ವೀಲ್‌ಚೇರನ್ನ ಹೇಳದೇ ತಳ್ಳೋದು, ಅದರ ಹಿಡಿಗೆ ಬ್ಯಾಗ್ ನೇತು ಹಾಕೋದು ಬೇಡ, ಅದು ಅವರ ದೇಹದ ಭಾಗ ಇದ್ದಂಗೆ. ಕಿವಿ ಕೇಳದವರ ಎದುರು ಬೆಳಕಲ್ಲಿ ನಿಂತು ಮಾತಾಡಿ, ಕೂಗಬೇಡಿ, ಕೂಗಿದ್ರೆ ತುಟಿ ಆಕಾರನೇ ಕೆಟ್ಟು ಓದೋಕೆ ಬರಲ್ಲ. ಮೊಬೈಲಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ತೋರ್ಸಿ, ಓದು ಬಂದ್ರೆ ಕೆಲಸ ಸಲೀಸು. ಬುದ್ಧಿ ಬೆಳವಣಿಗೆ ನಿಧಾನ ಇರೋರಿಗೆ ಸಣ್ಣ ವಾಕ್ಯ, ಒಂದು ಸಲಕ್ಕೆ ಒಂದೇ ವಿಷಯ. ಮೂವತ್ತು ವರ್ಷದ ಮನುಷ್ಯನ್ನ "ಪುಟ್ಟಾ" ಅಂತ ಕೆನ್ನೆ ಹಿಂಡಬೇಡಿ.

"ಹೆಂಗಾಯ್ತು ಇದು? ಹುಟ್ಟಿನಿಂದನಾ?" ಅಂತ ಪರಿಚಯ ಆದ ಐದು ನಿಮಿಷಕ್ಕೆ ಕೇಳ್ತಾರೆ, ಬಸ್ಸಲ್ಲಿ ಪಕ್ಕದ ಸೀಟಿನೋರೂ ಕೇಳ್ತಾರೆ. ಬೇಡ. ಹಿಂದಿನ ಜನ್ಮದ ಕರ್ಮ ಅಂತೂ ಯಾವತ್ತೂ ಬೇಡ, ಆ ಮಾತು ಕೇಳಿ ಮಗುನ ಒಳಗಡೆನೇ ಇಟ್ಟುಬಿಟ್ಟ ತಾಯಂದಿರು ಇದಾರೆ.

ಛಲದ ಭಾಷಣ ಯಾಕೆ ಕೆಲಸ ಮಾಡಲ್ಲ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮೋಟಿವೇಷನ್ ಅಂದ್ರೆ ನಮ್ಮಲ್ಲಿ ಭಾಷಣ ಅಂತ ಆಗಿಬಿಟ್ಟೈತೆ. "ಮನಸ್ಸಿದ್ರೆ ಮಾರ್ಗ", "ದೇವ್ರು ಒಂದು ಕಿತ್ಕೊಂಡ್ರೆ ಇನ್ನೊಂದು ಕೊಡ್ತಾನೆ", "ಕೈಕಾಲು ಇಲ್ದೋರೇ ಇಷ್ಟು ಸಾಧಿಸಿದಾರೆ, ಎಲ್ಲಾ ಇರೋ ನಿಂಗೇನಾಗೈತೆ". ಈ ಕೊನೇ ಮಾತು ಗಮನಿಸಿ, ಅದು ನಮಗೆ ಹೇಳಿದ್ದೇ ಅಲ್ಲ, ನಮ್ಮನ್ನ ತೋರ್ಸಿ ಬೇರೆಯವರಿಗೆ ಹೇಳಿದ್ದು. ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್, ಅವರೂ ವೀಲ್‌ಚೇರ್ ಬಳಸ್ತಿದ್ದೋರು, 2012ರಲ್ಲೇ ಇದರ ಬಗ್ಗೆ ಬರೆದ್ರು, ಅಂಗವೈಕಲ್ಯ ಇರೋರ ಫೋಟೋ ಇಟ್ಕೊಂಡು ಇಲ್ಲದವರು ತಮ್ಮ ಬಗ್ಗೆ ತಾವು ಸಮಾಧಾನ ಪಟ್ಕೊಳ್ಳೋದು ನಿಲ್ಲಬೇಕು ಅಂತ. ಅವರು 2014ರಲ್ಲಿ ತೀರ್ಕೊಂಡ್ರು, ಆ ಫೋಟೋಗಳು ಮಾತ್ರ ಇವತ್ತಿಗೂ ಬೆಳಿಗ್ಗೆ ಗುಡ್ ಮಾರ್ನಿಂಗ್ ಮೆಸೇಜ್ ಜೊತೆ ಬರ್ತಾನೇ ಇವೆ.

ನಮ್ಮ ಪಕ್ಕದ ಜಿಲ್ಲೆಗಳದ್ದೇ ಉದಾಹರಣೆ ತಗೊಳ್ಳಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು, ಕಣ್ಣು ಕಾಣದ ಓಟಗಾರ್ತಿ, 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದರು, ಮುಂದಿನ ಗೇಮ್ಸ್ ನಡೆದ ಚೀನಾದ ಹಾಂಗ್‌ಝೌನಲ್ಲೂ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋಗಿಬಂದ್ರು. ಅವರ ಓಟದ ವಿಡಿಯೋ ಹಾಕಿ "ಛಲ" ಅಂತ ಬರೀತಾರೆ. ಅದೇ ವಿಡಿಯೋದಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಓಡ್ತಿರ್ತಾರೆ, ಕೈಗೆ ಕೈ ಸೇರಿಸಿ ಒಂದು ಸಣ್ಣ ಹಗ್ಗ ಇರುತ್ತೆ, ಅವರು ಗೈಡ್ ರನ್ನರ್. ಅವರ ಜೊತೆ ದಿನಾ ಪ್ರಾಕ್ಟೀಸ್, ಕೋಚ್, ಟ್ರ್ಯಾಕ್, ಊಟ, ಎಲ್ಲ ಸೇರಿ ಆ ಪದಕ. ಛಲ ರಕ್ಷಿತಾ ಅವರದ್ದೇ, ಅದನ್ನ ಯಾರೂ ಕಿತ್ಕೊಳ್ಳಕಾಗಲ್ಲ, ಆದ್ರೆ ಆ ಹಗ್ಗ ಇಲ್ದೇ ಬರೀ ಛಲದಿಂದ ಒಂದು ಸುತ್ತೂ ಹೊಡೆಯೋಕಾಗಲ್ಲ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ 2012ರಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ಕ್ಯಾಪ್ಟನ್, 2017ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಚೆಂಡಿನ ಒಳಗೆ ಸದ್ದು ಮಾಡೋ ಗುಂಡು ಹಾಕಿರ್ತಾರೆ. ಚೆಂಡು ಬದಲಾದ ಮೇಲೆನೇ ಆಟ ಸಾಧ್ಯ ಆಗಿದ್ದು. ನಿಮ್ಮನೇಲಿ, ನಿಮ್ಮ ಕ್ಲಾಸಲ್ಲಿ ಆ ಚೆಂಡು ಯಾವುದು, ಆ ಹಗ್ಗ ಯಾವುದು ಅಂತ ಹುಡುಕಿ, ಭಾಷಣ ಆಮೇಲೆ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅಂತ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಮೋಟಿವೇಷನ್ ಮೇಲೇ ವರ್ಷಾನುಗಟ್ಟಲೆ ಕೆಲಸ ಮಾಡಿದೋರು. ಅವರು ಹೇಳೋದು ಇಷ್ಟು, ಮನುಷ್ಯಂಗೆ ಒಳಗಿಂದ ಹುಮ್ಮಸ್ಸು ಬರಬೇಕಂದ್ರೆ ಮೂರು ಬೇಕು: ನನ್ನ ವಿಷಯ ನಾನೇ ತೀರ್ಮಾನ ಮಾಡ್ತೀನಿ ಅನ್ನೋದು, ಈ ಕೆಲಸ ನನ್ ಕೈಲಿ ಆಗುತ್ತೆ ಅನ್ನೋದು, ನನ್ನವರು ಅಂತ ಜನ ಇದಾರೆ ಅನ್ನೋದು. ನಮ್ಮನೆಗಳಲ್ಲಿ ಏನಾಗುತ್ತೆ ನೋಡಿ. ಪಾಪ ಅಂತ ಮಗೂಗೆ ಒಂದು ಲೋಟ ಎತ್ತಿಡೋಕೂ ಹೇಳಲ್ಲ. ಅವನ ಅಣ್ಣಂಗೂ ತಂಗಿಗೂ ಬೈತಾರೆ, ಇವನಿಗೆ ಬೈಯಲ್ಲ. ಅಂಗಡಿಗೆ ಕಳ್ಸಲ್ಲ, ದುಡ್ಡು ಕೈಗೆ ಕೊಡಲ್ಲ, ಯಾವ ಬಟ್ಟೆ ಅಂತ ಕೇಳಲ್ಲ, ಮದುವೆ ಮನೆಗೆ ಕರ್ಕೊಂಡು ಹೋಗಲ್ಲ. ಇಪ್ಪತ್ತೈದು ವರ್ಷ ಆದ್ಮೇಲೆ ಒಂದಿನ ಎದುರು ಕೂರಿಸ್ಕೊಂಡು "ನಿಂಗೆ ಛಲಾನೇ ಇಲ್ಲ" ಅಂತಾರೆ. ಮೂರರಲ್ಲಿ ಮೂರನ್ನೂ ಕಿತ್ಕೊಂಡ ಮೇಲೆ ಛಲ ಎಲ್ಲಿಂದ ಬರಬೇಕು?

ಹಂಗಾಗಿ ಮನೆಯೋರು ಮಾಡಬೇಕಾಗಿರೋದು ಹೆಚ್ಚು ಕಡಿಮೆ ಇದು. ಮನೆ ಕೆಲಸದಲ್ಲಿ ಪಾಲು ಕೊಡಿ, ನಿಜವಾದ ಕೆಲಸ, ಅವರು ಮಾಡ್ಲಿಲ್ಲ ಅಂದ್ರೆ ಮನೆಗೆ ತೊಂದ್ರೆ ಆಗೋವಂಥದ್ದು. ಕೂತಲ್ಲೇ ಅವರೆಕಾಯಿ ಸುಲಿಯೋದು, ಹಾಲಿನ ಲೆಕ್ಕ ಬರೆಯೋದು, ಕರೆಂಟ್ ಬಿಲ್ ಫೋನಲ್ಲಿ ಕಟ್ಟೋದು. ತಪ್ಪಾದ್ರೆ ಬೇರೆ ಮಕ್ಕಳಿಗೆ ಹೇಳಿದಂಗೇ ಹೇಳಿ. ಸಣ್ಣ ಸಣ್ಣ ಆಯ್ಕೆ ದಿನಾ ಕೇಳಿ, ಉಪ್ಪಿಟ್ಟಾ ಮಂಡಕ್ಕಿನಾ, ಇವತ್ತು ಸ್ನಾನ ಬೆಳಿಗ್ಗೆನಾ ಸಂಜೆನಾ, ಯಾಕಂದ್ರೆ ದೊಡ್ಡ ತೀರ್ಮಾನ ತಗೊಳ್ಳೋ ಶಕ್ತಿ ಸಣ್ಣದರಲ್ಲೇ ಬೆಳೆಯೋದು. ಹೊಗಳುವಾಗ "ಗ್ರೇಟ್, ಇನ್‌ಸ್ಪಿರೇಷನ್" ಅಂತ ಹಾರಿಸಬೇಡಿ, ಏನು ಚೆನ್ನಾಗಿತ್ತು ಅಂತ ಹೇಳಿ. "ಹೋದ ವಾರ ಲೆಕ್ಕ ಎರಡು ಕಡೆ ತಪ್ಪಿತ್ತು, ಈ ವಾರ ಪೂರ್ತಿ ಸರಿ ಐತೆ" ಅನ್ನೋ ಮಾತು ಕೇಳಿದೋರು ನಾಳೆನೂ ಲೆಕ್ಕ ಬರೀತಾರೆ. ಸೋಲೋಕೂ ಬಿಡಿ. ಡಿಗ್ರಿ ಫೇಲಾದ್ರೆ, ಅಂಗಡಿ ಹಾಕಿ ಲಾಸ್ ಆದ್ರೆ, ಬೇರೆ ಹುಡುಗ್ರಿಗೆ ಇನ್ನೊಂದು ಚಾನ್ಸ್ ಸಿಗುತ್ತೆ, ನಮಗೆ "ನೋಡಿದ್ಯಾ, ಅದಕ್ಕೇ ಬೇಡ ಅಂದಿದ್ದು" ಅಂತ ಸಿಗುತ್ತೆ. ಅದನ್ನ ಹೇಳಬೇಡಿ.

ಕೆಲಸ ಕೊಡೋರಿಗೆ ಒಂದು ಮಾತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸರಲ್ಲಿ "ಮಾಡಿದಷ್ಟು ನೀಡು ಭಿಕ್ಷೆ" ಅನ್ನೋ ಮಾತು ನಮ್ಮ ಕಡೆ ಮನೆ ಮನೇಲೂ ಗೊತ್ತು, ಕೆರೆ ಕಟ್ಟಿಸುವಾಗ ಕೆಲಸಕ್ಕೆ ತಕ್ಕ ಕೂಲಿ ಕೊಡ್ತಿದ್ರು ಅಂತ ಹಿರಿಯರು ಹೇಳ್ತಾರೆ. ನಮಗೂ ಅಷ್ಟೇ ಬೇಕಾಗಿರೋದು. ಬಟ್ಟೆ ಅಂಗಡೀಲಿ ಕ್ಯಾಶ್ ಕೌಂಟರಲ್ಲಿ ಕೂರಿಸಿದ್ರೆ ಬೇರೆಯವರಿಗೆ ಕೊಡೋ ಸಂಬಳನೇ ಕೊಡಿ, "ಪಾಪ ಅಂತ ಇಟ್ಕೊಂಡಿದೀನಿ" ಅಂತ ಗಿರಾಕಿಗಳ ಮುಂದೆ ಹೇಳಬೇಡಿ.

ಕಿವಿ ಕೇಳದ ಮಗು ಇದ್ರೆ

ಇದನ್ನ ಬೇರೆಯಾಗಿ ಬರೀಬೇಕು ಅನ್ಸ್ತು, ಯಾಕಂದ್ರೆ ಇಲ್ಲಿ ಭಾಷೆ ಅಂದ್ರೆ ಒಳ್ಳೆ ಪದ ಕೆಟ್ಟ ಪದದ ಪ್ರಶ್ನೆ ಅಲ್ಲ, ಭಾಷೆ ಇರುತ್ತಾ ಇಲ್ವಾ ಅನ್ನೋದೇ ಪ್ರಶ್ನೆ. ಕಿವಿ ಕೇಳದ ಬಹುಪಾಲು ಮಕ್ಕಳು ಹುಟ್ಟೋದು ಕಿವಿ ಕೇಳೋ ಅಪ್ಪ ಅಮ್ಮಂಗೆ. ಮನೇಲಿ ಯಾರಿಗೂ ಸೈನ್ (ಸಂಜ್ಞಾ ಭಾಷೆ) ಬರಲ್ಲ. ಮಗು ಬೆಳೆದಂಗೆ ನೀರು, ಊಟ, ಬಾ, ಹೋಗು ಅಂತ ಹತ್ತಾರು ಕೈಸನ್ನೆ ಮನೇಲೇ ಹುಟ್ಕೊಂತವೆ, ಅಷ್ಟರಲ್ಲೇ ವರ್ಷಗಳು ಕಳೆದುಹೋಗ್ತವೆ. ಮೆದುಳಲ್ಲಿ ಭಾಷೆ ಕೂರೋದು ಮೊದಲ ಐದು ವರ್ಷದಲ್ಲಿ ಅತಿ ಚೆನ್ನಾಗಿ, ಆ ಟೈಮಲ್ಲಿ ಯಾವ ಭಾಷೆನೂ ಪೂರ್ತಿ ಸಿಗದೇ ಇದ್ರೆ ಆಮೇಲೆ ಓದು, ಲೆಕ್ಕ, "ನಾಳೆ", "ಯಾಕೆ", "ಆಗಿದ್ರೆ" ಅನ್ನೋ ಯೋಚನೆಗಳೆಲ್ಲ ಕಷ್ಟ ಆಗ್ತವೆ. ಆಮೇಲೆ ಜನ ಆ ಮಗೂನ ಪೆದ್ದ ಅಂತಾರೆ. ಬುದ್ಧಿ ಚೆನ್ನಾಗೇ ಇತ್ತು, ಭಾಷೆ ಕೊಡ್ಲಿಲ್ಲ ನಾವು.

ಏನ್ ಮಾಡೋದು ಅಂದ್ರೆ, ಮೊದಲು ಹುಟ್ಟಿದ ಮಗು ಕಿವಿ ಪರೀಕ್ಷೆ ಬೇಗ ಮಾಡಿಸಿ, "ನಮ್ಮ ತಾತನೂ ಲೇಟಾಗಿ ಮಾತಾಡಿದ್ದು" ಅಂತ ಕಾಯಬೇಡಿ. ಕಿವಿ ಮಿಷನ್ ಹಾಕ್ಸಿ, ಕಿವಿ ಒಳಗೆ ಕೇಳೋ ಸಾಧನ ಕೂರಿಸೋ ಕಾಕ್ಲಿಯರ್ ಆಪರೇಷನ್ ಮಾಡ್ಸಿ, ಸ್ಪೀಚ್ ಥೆರಪಿ ಕೊಡ್ಸಿ, ಆದ್ರೆ ಜೊತೆಗೆ ಭಾರತೀಯ ಸಂಜ್ಞಾ ಭಾಷೆನೂ ಕಲೀರಿ. ಸೈನ್ ಕಲಿಸಿದ್ರೆ ಮಗು ಮಾತೇ ಆಡಲ್ಲ ಅನ್ನೋ ಭಯ ತುಂಬಾ ಮನೆಗಳಲ್ಲಿ ಐತೆ, ಅದು ಸುಳ್ಳು, ಒಂದು ಭಾಷೆ ಗಟ್ಟಿ ಇದ್ರೆ ಎರಡನೇದು ಕಲಿಯೋದು ಸುಲಭ. ದೆಹಲೀಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 10,000 ಪದಗಳ ಡಿಕ್ಷನರಿ ವಿಡಿಯೋ ಮಾಡಿ ಯೂಟ್ಯೂಬಲ್ಲೇ ಬಿಟ್ಟಿದಾರೆ, ದುಡ್ಡು ಕೊಡೋ ಹಂಗಿಲ್ಲ. ಅಮ್ಮ ಒಬ್ಬಳೇ ಕಲಿತರೆ ಸಾಲಲ್ಲ. ಅಪ್ಪ, ಅಜ್ಜಿ, ಪಕ್ಕದ ಮನೆ ಹುಡುಗ್ರು, ಎಲ್ಲರೂ ದಿನಾ ನಾಲ್ಕೈದು ಪದ ಕಲೀರಿ. ಊಟಕ್ಕೆ ಕೂತಾಗ ಎಲ್ಲರೂ ನಗ್ತಿದ್ರೆ ಮಗು ನಿಮ್ಮ ಮುಖ ನೋಡುತ್ತೆ ಏನು ಅಂತ, ಆವಾಗ "ಏನಿಲ್ಲ, ಆಮೇಲೆ ಹೇಳ್ತೀನಿ" ಅಂತ ಕೈ ಆಡಿಸಬೇಡಿ, ಆವಾಗ್ಲೇ ಹೇಳಿ.

ಕಣ್ಣು ಕಾಣದವರು ನಿಮ್ಮ ಮೆಸೇಜ್ ಓದ್ತಾರೆ

ಹೌದು, ಓದ್ತಾರೆ. ಆಂಡ್ರಾಯ್ಡ್ ಫೋನಲ್ಲಿ ಟಾಕ್‌ಬ್ಯಾಕ್ ಅಂತ ಇರುತ್ತೆ, ಸ್ಕ್ರೀನ್ ಮೇಲೆ ಇರೋದನ್ನ ಕನ್ನಡದಲ್ಲೇ ಓದಿ ಹೇಳುತ್ತೆ. ಕಂಪ್ಯೂಟರಿಗೆ ಎನ್‌ವಿಡಿಎ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ಅದನ್ನ ಬರೆದೋರೂ ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯಾದ ಹುಡುಗ್ರೇ. ಆದ್ರೆ ಇವೆಲ್ಲ ಓದೋದು ಯೂನಿಕೋಡ್ ಅಕ್ಷರ (ಎಲ್ಲ ಫೋನ್, ಕಂಪ್ಯೂಟರಿಗೂ ಒಂದೇ ಥರ ಅರ್ಥ ಆಗೋ ಅಕ್ಷರ ಪದ್ಧತಿ) ಮಾತ್ರ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಕಾಗದ ನಮ್ಮ ಕಣ್ಣಿಗೆ ಕನ್ನಡ ಕಂಡ್ರೂ ಆ ಸಾಫ್ಟ್‌ವೇರಿಗೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆ ಅಂತೂ ಬರೀ ಫೋಟೋ. ಪರೀಕ್ಷೆ ಟೈಮ್‌ಟೇಬಲ್, ಕೆಲಸದ ನೋಟಿಫಿಕೇಷನ್, ಪಂಚಾಯ್ತಿ ನೋಟಿಸ್ ಹಿಂಗೆ ಬಂದ್ರೆ ಅವರು ಇನ್ನೊಬ್ಬರ ಹತ್ರ ಓದ್ಸಬೇಕು, ಓದೋರು ಸಿಗೋ ಅಷ್ಟರಲ್ಲಿ ಕೊನೇ ದಿನಾಂಕ ಮುಗಿದಿರುತ್ತೆ.

ನೀವು ಮಾಡಬೇಕಾದ್ದು ಸುಲಭ. ಯೂನಿಕೋಡಲ್ಲೇ ಟೈಪ್ ಮಾಡಿ, ಈಗಿನ ನುಡಿಯಲ್ಲೂ ಆ ಆಯ್ಕೆ ಐತೆ. ಗ್ರೂಪಿಗೆ ಫೋಟೋ ಹಾಕಿದ್ರೆ ಕೆಳಗೆ ಎರಡು ಸಾಲು ಬರೀರಿ, "ಭಾನುವಾರ 11 ಗಂಟೆಗೆ ವಿದ್ಯಾನಗರದಲ್ಲಿ ರಕ್ತದಾನ ಶಿಬಿರದ ಪೋಸ್ಟರ್" ಅಂತ. ಒಂದೇ ಇಮೋಜಿ ಇಪ್ಪತ್ತು ಸಲ ಹಾಕಬೇಡಿ, ಆ ಸಾಫ್ಟ್‌ವೇರ್ ಪ್ರತಿಯೊಂದನ್ನೂ ಓದುತ್ತೆ.

ಮೇಷ್ಟ್ರಿಗೆ, ಮೇಡಂಗಳಿಗೆ

"ನಾರ್ಮಲ್ ಮಕ್ಕಳು" ಅನ್ನೋದು ಸ್ಟಾಫ್ ರೂಮಲ್ಲೂ ಬೇಡ. ಚಿತ್ರದುರ್ಗದ ಕೋಟೆಗೆ ಟ್ರಿಪ್ ಹೊರಟಾಗ ಕಾಲಿಗೆ ತೊಂದ್ರೆ ಇರೋ ಹುಡುಗಂಗೆ "ನೀನು ಬರೋದು ಬೇಡಪ್ಪಾ, ಕಷ್ಟ ಆಗುತ್ತೆ" ಅನ್ನೋದು ಪ್ರೀತಿಯಿಂದಾನೇ ಬರುತ್ತೆ, ಆದ್ರೆ ಆ ತೀರ್ಮಾನ ಅವನದ್ದು. "ಅಲ್ಲಿ ಕಲ್ಲಿನ ಮೆಟ್ಟಿಲು ಜಾಸ್ತಿ, ಏರು ಐತೆ, ಒನಕೆ ಓಬವ್ವನ ಕಿಂಡಿ ಹತ್ರ ಜಾಗ ಇಕ್ಕಟ್ಟು, ಎಲ್ಲಿವರೆಗೆ ಬರ್ತೀಯ, ಎಲ್ಲಿ ಕೂರ್ತೀಯ, ಜೊತೆಗೆ ಯಾರಿರಲಿ" ಅಂತ ಕೇಳಿ. ಅವನು ಮೊದಲ ಬಾಗಿಲವರೆಗೆ ಬಂದು ಕೂರ್ತೀನಿ ಅಂದ್ರೂ ಅವನು ಟ್ರಿಪ್‌ಗೆ ಬಂದಂಗೇ.

ಪರೀಕ್ಷೆ ವಿಷಯ ಮೊದಲೇ ತಿಳಿಸಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಬರೆಯೋಕೆ ತೊಂದ್ರೆ ಇರೋರಿಗೆ ಸ್ಕ್ರೈಬ್ (ಅವರು ಹೇಳಿದ್ದನ್ನ ಬರೆಯೋರು) ಸಿಗುತ್ತೆ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಟೈಮ್ ಸಿಗುತ್ತೆ. ವೈಕಲ್ಯ 40 ಪರ್ಸೆಂಟ್‌ಗಿಂತ ಕಡಿಮೆ ಅಂತ ಸ್ಕ್ರೈಬ್ ನಿರಾಕರಿಸೋ ಹಂಗಿಲ್ಲ ಅಂತ 2021ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ಹೇಳೈತೆ. "ಕಷ್ಟಪಟ್ಟು ಓದು" ಅನ್ನೋ ಹತ್ತು ಭಾಷಣಕ್ಕಿಂತ ಈ ಒಂದು ಮಾಹಿತಿ ಒಂದು ಹುಡುಗಿಯ ಎಸ್‌ಎಸ್‌ಎಲ್‌ಸಿ ಬದಲಾಯಿಸುತ್ತೆ. ಆರರಿಂದ ಹದಿನೆಂಟು ವರ್ಷದವರೆಗೆ, 40 ಪರ್ಸೆಂಟ್ ಅಥವಾ ಜಾಸ್ತಿ ವೈಕಲ್ಯ ಇರೋ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು, ಅದನ್ನೂ ಅಪ್ಪ ಅಮ್ಮಂಗೆ ಹೇಳಿ.

ಹೊಸದಾಗಿ ಪೆಟ್ಟಾದೋರ ಮನೆಗೆ ಹೋದಾಗ

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡ್ಕೊಂಡೋರು, ಹೈವೇ ಆಕ್ಸಿಡೆಂಟಲ್ಲಿ, ಶುಗರಿಂದ ಕಾಲು ಕಳ್ಕೊಂಡೋರು ಇರ್ತಾರೆ. ನೋಡೋಕೆ ಬಂದೋರು "ಎಲ್ಲಾ ಸರಿ ಹೋಗುತ್ತೆ, ಎದ್ದು ಓಡಾಡ್ತೀಯ" ಅಂತಾರೆ, ಇನ್ನೊಬ್ಬರು ಹೊರಗಡೆ ನಿಂತು "ಹಿಂಗಿರೋದಕ್ಕಿಂತ ಹೋಗಿದ್ರೇ ಚೆನ್ನಾಗಿತ್ತು" ಅಂತಾರೆ, ಅದು ಒಳಗೆ ಕೇಳುತ್ತೆ. ಮೂರನೆಯವರು ನಾಟಿ ಔಷಧಿ ಅಡ್ರೆಸ್ ಕೊಡ್ತಾರೆ, ಮನೆಯೋರು ಸಾಲ ಮಾಡಿ ಊರೂರು ಅಲೀತಾರೆ.

ಸುಮ್ನೆ ಕೂತ್ಕೊಳ್ಳಿ, ಅವರು ಅತ್ತರೆ ಅಳೋಕೆ ಬಿಡಿ, ಧೈರ್ಯದ ಮಾತು ಅವತ್ತೇ ಹೇಳಬೇಕು ಅಂತೇನಿಲ್ಲ. ಆಮೇಲೆ ಉಪಯೋಗದ ವಿಷಯ ಹೇಳಿ. ಮಲಗಿದಲ್ಲೇ ಇದ್ರೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ದಿದ್ರೆ ಬೆಡ್‌ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಆಗಿ ಜೀವಕ್ಕೇ ಅಪಾಯ, ಇದು ತುಂಬಾ ಮನೆಗಳಿಗೆ ಗೊತ್ತೇ ಇರಲ್ಲ. ಮನಸ್ಸು ಕುಗ್ಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ಎಲ್ಲಕ್ಕಿಂತ ಮುಖ್ಯ, ಅದೇ ಥರ ಪೆಟ್ಟಾಗಿ ಈಗ ಬದುಕು ನಡೆಸ್ತಿರೋ ಒಬ್ಬರನ್ನ ಕರ್ಕೊಂಡು ಹೋಗಿ ಭೇಟಿ ಮಾಡ್ಸಿ. ಒಂದಕ್ಕೆ ಹೋಗೋದು ಹೆಂಗೆ, ಮಂಚದಿಂದ ಕುರ್ಚಿಗೆ ದಾಟೋದು ಹೆಂಗೆ, ಹೆಂಡ್ತಿ ಜೊತೆ ಸಂಬಂಧ ಏನಾಗುತ್ತೆ ಅನ್ನೋ ಪ್ರಶ್ನೆಗಳನ್ನ ಅವರು ನಿಮ್ಮ ಹತ್ರ ಕೇಳಲ್ಲ, ನೀವು ಕರ್ಕೊಂಡು ಹೋದೋರ ಹತ್ರ ಕೇಳ್ತಾರೆ. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ ಬೆಳೆದಿದ್ದು ಹಿಂಗೇ, ಆ ಕಾಯಿಲೆ ಇರೋರೇ ಸೇರಿ ಇನ್ನೊಬ್ಬರಿಗೆ ಹೇಳಿಕೊಡ್ತಾ. ಥೆರಪಿ, ಸಲಕರಣೆ, ಟ್ರೇನಿಂಗ್ ಬೇಕಂದ್ರೆ ದಾವಣಗೆರೇಲೇ ಕೇಂದ್ರ ಸರ್ಕಾರದ ಸಿ.ಆರ್.ಸಿ (ಅಂಗವೈಕಲ್ಯ ಇರೋರ ಪುನರ್ವಸತಿ ಕೇಂದ್ರ) ಐತೆ, ಬೆಂಗಳೂರಿಗೆ ಓಡೋಕೆ ಮುಂಚೆ ಅಲ್ಲಿ ಕೇಳಿ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಆನ್‌ಲೈನಲ್ಲಿ ಅರ್ಜಿ ಹಾಕಿ, ಪಿಂಚಣಿ, ಬಸ್ ಪಾಸ್, ಮೀಸಲಾತಿ ಎಲ್ಲದಕ್ಕೂ ಅದನ್ನೇ ಕೇಳ್ತಾರೆ. ಆದ್ರೆ ಕಾರ್ಡ್ ಬಂದ್ಮೇಲೆ "ನೀನು ಎಷ್ಟು ಪರ್ಸೆಂಟು" ಅಂತ ಮಾತಾಡಿಸೋದು ಬೇಡ, ಪರ್ಸೆಂಟ್ ಆಫೀಸಿಗೆ ಮಾತ್ರ.

ನಾವು ನಾವೇ

ಇದು ನನ್ನಂಥೋರಿಗೆ. ಬೇರೆಯವರು ಹೇಳಿದ್ದು ಕೇಳಿ ಕೇಳಿ ನಮ್ಮ ಬಾಯಲ್ಲೇ "ನನ್ ಕೈಲಿ ಎಲ್ಲಿ ಆಗುತ್ತೆ ಬಿಡಿ" ಅಂತ ಬಂದುಬಿಡುತ್ತೆ. ಅದರ ಬದಲು "ಮೆಟ್ಟಿಲು ಇರೋದ್ರಿಂದ ಆಗಲ್ಲ" ಅಂತ ಹೇಳೋ ಅಭ್ಯಾಸ ಮಾಡ್ಕೊಳ್ಳಿ, ತಡೆ ಎಲ್ಲೈತೆ ಅಂತ ಎಲ್ಲರಿಗೂ ಕಾಣುತ್ತೆ. ಕೇಳದೇ ಎತ್ತೋಕೆ ಬಂದ್ರೆ "ಬೇಡ, ಈ ಬ್ಯಾಗ್ ಹಿಡ್ಕೊಳ್ಳಿ ಸಾಕು" ಅನ್ನಿ. ಪಕ್ಕದವರನ್ನ ಕೇಳಿದ್ರೆ "ನನ್ನನ್ನೇ ಕೇಳಿ, ನಾನೇ ಹೇಳ್ತೀನಿ". ಸ್ಟೇಜ್ ಮೇಲೆ ವೀಲ್‌ಚೇರ್ ಕೊಟ್ಟು ಫೋಟೋ ತೆಗೆಸ್ಕೊಳ್ಳೋಕೆ ಬಂದ್ರೆ ಬೇಡ ಅನ್ನೋ ಹಕ್ಕು ಐತೆ. ಎಲ್ಲ ದಿನ ಧೈರ್ಯವಾಗಿ ಇರಬೇಕು ಅಂತಾನೂ ಇಲ್ಲ, ಸುಸ್ತಾದ ದಿನ ಸುಸ್ತಾಗೈತೆ ಅನ್ನಿ.

ಕೊನೆಗೆ ಗ್ರಾಮಸಭೆ. ಪಂಚಾಯ್ತಿ ಅನುದಾನದಲ್ಲಿ ಶೇಕಡ 5 ನಮಗೆ ಅಂತ ಮೀಸಲು ಇಡಬೇಕು, ಪಂಚಾಯ್ತೀಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ, ಅವರೂ ನಮ್ಮಂಥೋರೇ, ಮೊದಲು ಅವರ ನಂಬರ್ ತಗೊಳ್ಳಿ. ಸಭೇಲಿ "ಸಹಾಯ ಮಾಡಿ ಸ್ವಾಮಿ" ಅನ್ನಬೇಡಿ. "ಕಳೆದ ವರ್ಷ ಶೇಕಡ 5ರ ಹಣ ಎಷ್ಟು ಬಂತು, ಯಾವುದಕ್ಕೆ ಖರ್ಚಾಯ್ತು, ಸ್ಕೂಲಿಗೂ ರೇಷನ್ ಅಂಗಡಿಗೂ ರ‍್ಯಾಂಪ್ ಯಾವ ತಿಂಗಳು ಆಗುತ್ತೆ, ನಡಾವಳಿಯಲ್ಲಿ ಬರೀರಿ" ಅಂತ ಕೇಳಿ. ಇದನ್ನೇ ಒಂದು ಹಾಳೇಲಿ ಬರೆದು ಪಿಡಿಒ ಕೈಗೆ ಕೊಟ್ಟು, ಜೆರಾಕ್ಸ್ ಮೇಲೆ ಸೀಲು ಸಹಿ ಹಾಕಿಸ್ಕೊಳ್ಳಿ, ಮುಂದಿನ ಸಭೆಗೆ ಅದನ್ನ ತಗೊಂಡೇ ಹೋಗಿ.